ಮಗ್ಗದ ಮನೆಗೆ ಯಾವ ಬಣ್ಣ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಹಳೆಯ ಪೇಟೆಗಳು ನಾಳಿನ ನಕಾಶೆಯಲ್ಲಿ ಯಾವ ಸ್ಥಾನ ಪಡೆದಾವು?

ಬನಹಟ್ಟಿಯ ಒಂದು ಓಣಿ, ಬೆಳಗಿನ ಹೊತ್ತು. ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿಯನ್ನಿಟ್ಟು ಒಳಹೋದ ಗೃಹಿಣಿಯು ಒಲೆಯ ಮೇಲೆ ಚಹದ ಪಾತ್ರೆಯನ್ನಿಡುವಷ್ಟರಲ್ಲಿಯೇ ಪಡಸಾಲೆಯಿಂದ ಮಗ್ಗದ ಸದ್ದು ಎದ್ದಿರುತ್ತದೆ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತ ಮನೆಯ ಯಜಮಾನನು ಕಾಲಡಿಯ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುತ್ತಾನೆ. ಲಾಳಿಯು ಹಾಸಿನ ನೂಲುಗಳ ನಡುವೆ ಅತ್ತಿಂದಿತ್ತ ಓಡುತ್ತದೆ. ಗೋಡೆಯ ಮಗ್ಗುಲಲ್ಲಿ ಅವನ ವೃದ್ಧಮಾತೆಯು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಶಾಲೆಗೆ ಹೊರಡುವ ಹುಡುಗಿ ಮಗ್ಗದ ಕಂಬಕ್ಕೆ ನೇತುಹಾಕಿದ ಕನ್ನಡಿಯಲ್ಲಿ ಹೆರಳು ನೋಡಿಕೊಳ್ಳುತ್ತಾಳೆ.

ಪಕ್ಕದ ಮನೆಯಲ್ಲಿ ಕೈಮಗ್ಗವಿಲ್ಲ. ಅಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಖಟಖಟನೆ ಸದ್ದು ಮಾಡುತ್ತಿವೆ. ಅದರಾಚೆಯ ಮನೆಯ ಮುಂಗೋಣೆಯಲ್ಲಿ ಕಿರಾಣಿ ಅಂಗಡಿ, ಹಿಂಗೋಣೆಯಲ್ಲಿ ಸಂಸಾರ. ಮೂಲೆಯ ಮನೆಯ ಕಟ್ಟೆಯ ಮೇಲೆ ನೂಲಿನ ವ್ಯಾಪಾರಿಯ ತಕ್ಕಡಿ. ಎದುರಿಗೆ ದರ್ಜಿಯ ಯಂತ್ರ. ಅದಕ್ಕೆ ಅಂಟಿಕೊಂಡೇ ಒಂದು ಗುಡಿ. ಈ ಓಣಿಯಲ್ಲಿ ಯಾವುದು ಮನೆ, ಯಾವುದು ಕಾರಖಾನೆ, ಯಾವುದು ಪೇಟೆ ಎಂದು ಗೆರೆ ಎಳೆದು ತೋರಿಸುವುದು ಸುಲಭವಲ್ಲ. ಅಲ್ಲಿ ಬಾಳುವವರಿಗೆ ಈ ಗೆರೆಯ ಅವಶ್ಯಕತೆ ಎಂದೂ ಬಂದುದಿಲ್ಲ. ಅದು ಬರುವುದು ಊರಿನ ನಕಾಶೆಯನ್ನು ಮುಂದೆ ಹರಡಿಕೊಂಡು, ಕೈಯಲ್ಲಿ ಬಣ್ಣದ ಕುಂಚವನ್ನು ಹಿಡಿದು ಕುಳಿತ ನಗರಯೋಜಕನಿಗೆ.

ಈ ಮನೆಗೆ ಯಾವ ಬಣ್ಣ ಬಳಿಯಬೇಕು?

ಬಣ್ಣಗಳ ನ್ಯಾಯ

ನಗರಯೋಜನೆಯ ನಕಾಶೆಗಳಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಅರ್ಥವಿದೆ. ಹಳದಿಯೆಂದರೆ ವಾಸದ ಪ್ರದೇಶ, ನೀಲಿಯೆಂದರೆ ವ್ಯಾಪಾರ, ನೇರಳೆಯೆಂದರೆ ಕೈಗಾರಿಕೆ, ಹಸಿರೆಂದರೆ ಉದ್ಯಾನ. ಬಣ್ಣ ಬಳಿದಾದ ಮೇಲೆ ಅದು ಚಿತ್ರವಾಗಿ ಉಳಿಯುವುದಿಲ್ಲ, ಕಾಯಿದೆಯಾಗುತ್ತದೆ. ಹಳದಿಯ ಜಾಗದಲ್ಲಿ ಕಾರಖಾನೆಗೆ ಪರವಾನಗಿ ದೊರೆಯದು. ನೇರಳೆಯ ಜಾಗದಲ್ಲಿ ಮನೆ ಕಟ್ಟಲು ಅನುಮತಿ ದೊರೆಯದು. ಪರವಾನಗಿಯಿಲ್ಲದ ಉದ್ಯೋಗಕ್ಕೆ ಬ್ಯಾಂಕಿನ ಸಾಲ ಹುಟ್ಟುವುದು ಕಷ್ಟ. ಹೀಗೆ ಕುಂಚದ ಒಂದು ಎಳೆತವು ಒಂದು ಸಂಸಾರದ ಅನ್ನವನ್ನು ಮುಟ್ಟಬಲ್ಲುದು.

ಈ ಪದ್ಧತಿ ದುರುದ್ದೇಶದಿಂದ ಹುಟ್ಟಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ನಗರಗಳಲ್ಲಿ ಕಾರಖಾನೆಯ ಹೊಗೆ ಮತ್ತು ಕೊಳಕಿನ ನಡುವೆ ಮಕ್ಕಳು ಬೆಳೆಯಬೇಕಾಗಿದ್ದಿತು. ಮನೆಯನ್ನು ಹೊಗೆಯಿಂದ ದೂರವಿಡಬೇಕೆಂಬ ಸದಾಶಯದಿಂದಲೇ ವಲಯ ವಿಭಜನೆಯ ವಿಚಾರ ಬಲಿಯಿತು. ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ, ಕ್ಲೀವ್‌ಲೆಂಡ್ ನಗರದ ಹೊರಅಂಚಿನಲ್ಲಿ ಯೂಕ್ಲಿಡ್ ಎಂಬ ಒಂದು ಊರಿದೆ. ಆ ಊರು 1922ರಲ್ಲಿ ತನ್ನ ನೆಲವನ್ನು ಉಪಯೋಗಕ್ಕನುಸಾರವಾಗಿ ವಿಭಾಗಿಸಿದಾಗ, ಆಂಬ್ಲರ್ ಎಂಬ ಭೂವ್ಯವಹಾರದ ಸಂಸ್ಥೆಯೊಂದು ನ್ಯಾಯಾಲಯದ ಮೆಟ್ಟಿಲನ್ನೇರಿತು. 1926ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಊರಿನ ಪರವಾಗಿ ತೀರ್ಪಿತ್ತಿತು. ಅಲ್ಲಿಂದ ಮುಂದೆ ಮನೆ ಬೇರೆ, ಅಂಗಡಿ ಬೇರೆ, ಕಾರಖಾನೆ ಬೇರೆ ಎಂಬ ಈ ಕಟ್ಟುಪಾಡಿಗೆ ಯೂಕ್ಲಿಡ್ ಪದ್ಧತಿಯೆಂದೇ ಹೆಸರಾಯಿತು. ರೇಖಾಗಣಿತದ ಪ್ರಾಚೀನ ಪಂಡಿತನ ಹೆಸರೂ ಅದೇ ಆಗಿರುವುದು ಕೇವಲ ಆಕಸ್ಮಿಕ. ಆದರೂ ಊರನ್ನು ಗೆರೆ ಹಾಕಿ ಹಂಚುವ ಪದ್ಧತಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಕ್ಕುವುದು ದುರ್ಲಭ.

ನಮ್ಮ ದೇಶದ ಮೊದಲ ನಗರಯೋಜನಾ ಕಾಯಿದೆಯು 1915ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಂದಿತು. ಏಕೀಕರಣದ ತರುವಾಯ ಕನ್ನಡ ನಾಡಿಗೆಲ್ಲ ಒಂದೇ ಕಾಯಿದೆ ಬೇಕಾಯಿತು. ಇಂದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ ಎನ್ನಿಸಿಕೊಂಡಿರುವ ಕಾನೂನು 1961ನೆಯ ಇಸವಿಯ ಹೆಸರನ್ನು ಹೊತ್ತಿದ್ದು, 1965ರಲ್ಲಿ ಜಾರಿಗೆ ಬಂದಿತು. 1961ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಶ್ರೀ ಬಿ. ಡಿ. ಜತ್ತಿಯವರು. ಮುಂದೆ ದೇಶದ ಉಪರಾಷ್ಟ್ರಪತಿಗಳಾದ ಅವರು ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಸಾರ್ವಜನಿಕ ಜೀವನದ ಆರಂಭದಲ್ಲಿ ಜಮಖಂಡಿ ಪುರಸಭೆಯ ಅಧ್ಯಕ್ಷರಾಗಿದ್ದವರು. ಊರಿನ ಗಟಾರ, ದೀಪ, ಸಂತೆಗಳ ಚಿಂತೆಯಿಂದ ಆರಂಭಿಸಿದ ವ್ಯಕ್ತಿಯ ಆಡಳಿತಕಾಲದ ಇಸವಿಯೇ ನಾಡಿನ ನಗರಗಳ ಭವಿಷ್ಯವನ್ನು ಗೆರೆಯೊಳಗೆ ತರುವ ಕಾಯಿದೆಗೆ ಅಂಟಿಕೊಂಡಿರುವುದು ಗಮನಾರ್ಹವಾದ ಸಂಗತಿ.

ನಾಲ್ಕು ಊರು, ನಾಲ್ಕು ನಡುಪೇಟೆ

ಬಾಗಲಕೋಟೆ ಜಿಲ್ಲೆಯ ಈ ಊರುಗಳು ಇಂದು ಒಂದೇ ಜಿಲ್ಲಾಧಿಕಾರಿಗಳ ಆಡಳಿತಕ್ಕೆ ಸೇರಿದ್ದರೂ ಬೆಳೆದ ಬಗೆ ಬೇರೆಬೇರೆ. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದಿತು. ಅವಳಿ ಊರುಗಳೆಂದು ಒಂದೇ ಉಸಿರಿನಲ್ಲಿ ಹೇಳುವ ರಬಕವಿ–ಬನಹಟ್ಟಿಗಳ ವಿಷಯವಂತೂ ಇನ್ನೂ ವಿಚಿತ್ರ: ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಪ್ರದೇಶವೆಲ್ಲ ಕನ್ನಡ ರಾಜ್ಯವನ್ನು ಸೇರಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2017ರ ಮುಂಗಡಪತ್ರದಲ್ಲಿ ರಬಕವಿ–ಬನಹಟ್ಟಿಯನ್ನು ಹೊಸ ತಾಲ್ಲೂಕೆಂದು ಸಾರಲಾಯಿತು.

ಅರಸರು ಬೇರೆಯಾದರೂ ಊರಿನ ನಡುಭಾಗದ ರಚನೆಯಲ್ಲಿ ಒಂದು ಸಾಮ್ಯವಿದ್ದಿತು. ಅಗಸಿಯನ್ನು ದಾಟಿ ಒಳಬಂದರೆ ಪೇಟೆ. ಪೇಟೆಯಿಂದ ಕವಲೊಡೆದ ಓಣಿಗಳು. ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು. ಬೀದಿಗೆ ಮುಖವಾದ ಕಟ್ಟೆ ವ್ಯಾಪಾರಕ್ಕೆ, ಪಡಸಾಲೆ ಕಸುಬಿಗೆ, ಒಳಮನೆ ಸಂಸಾರಕ್ಕೆ, ಹಿತ್ತಲು ದನಕರುಗಳಿಗೆ. ಕನ್ನಡಿಗರು ಪೇಟೆಯೆಂಬ ಒಂದೇ ಮಾತಿನಲ್ಲಿ ಇದನ್ನೆಲ್ಲ ಅಡಕಮಾಡಿದ್ದರು. ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ಇದ್ದುದೂ ಇದೇ ಕ್ರಮ: ಕೆಳಗೆ ಅಂಗಡಿ, ಮೇಲೆ ಮನೆ.

ಬಳೆಯ ಮಾತು ಬಂದಾಗ ಮುಧೋಳದ ಮಹಾಕವಿಯನ್ನು ನೆನೆಯದಿರಲು ಹೇಗೆ ಸಾಧ್ಯ? ಹತ್ತನೆಯ ಶತಮಾನದ ರನ್ನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಬಳೆಯ ಮಲಾರವಿದ್ದ ಮನೆಯಿಂದಲೇ ಕವಿಚಕ್ರವರ್ತಿಯೊಬ್ಬ ಎದ್ದುಬಂದನು. ಕಸುಬು ಮನೆಯೊಳಗಿದ್ದರೆ ಮನೆಯು ಮಲಿನವಾಗುವುದೆಂಬ ಭಾವನೆ ಈ ನಾಡಿನ ಹಳೆಯ ಬಾಳಿನಲ್ಲಿರಲಿಲ್ಲ.

2011ರ ಜನಗಣತಿಯ ವೇಳೆಗೆ ರಬಕವಿ–ಬನಹಟ್ಟಿಯ ಜನಸಂಖ್ಯೆ ಸುಮಾರು 77 ಸಾವಿರ, ಜಮಖಂಡಿಯದು ಸುಮಾರು 69 ಸಾವಿರ, ಮುಧೋಳದ್ದು ಸುಮಾರು 52 ಸಾವಿರ. ಇವು ಹಳ್ಳಿಗಳಲ್ಲ, ಹುಬ್ಬಳ್ಳಿ, ಬೆಳಗಾವಿಗಳಂತಹ ಪಟ್ಟಣಗಳೂ ಅಲ್ಲ. ಕಬ್ಬು, ಬೆಲ್ಲ, ಸಕ್ಕರೆ ಕಾರಖಾನೆಗಳ ಹಣ ಸುತ್ತಲಿನ ನೀರಾವರಿ ಭೂಮಿಯಿಂದ ಪೇಟೆಗೆ ಹರಿದುಬರುತ್ತಿದೆ. ಸುಮಾರು 142 ಕಿಲೋಮೀಟರ್ ಉದ್ದದ ಬಾಗಲಕೋಟೆ–ಕುಡಚಿ ರೈಲುಮಾರ್ಗವು ಈ ಸೀಮೆಯನ್ನು ಹಾಯ್ದುಹೋಗಬೇಕೆಂದು ಜನ ದೀರ್ಘಕಾಲದಿಂದ ಕಾದಿದ್ದಾರೆ. ತಾಲ್ಲೂಕು ಕಚೇರಿ ಬಂದಲ್ಲಿ ವಕೀಲರು, ವಕೀಲರು ಬಂದಲ್ಲಿ ಝೆರಾಕ್ಸ್ ಅಂಗಡಿ, ಅದರ ಹಿಂದೆ ಖಾನಾವಳಿ. ಹಳೆಯ ಪೇಟೆಯ ನೆಲದ ಬೆಲೆ ಏರದೆ ಇರುವುದೆಂತು? ಕುಸಿಯುತ್ತಿರುವ ಮಣ್ಣಿನ ಮಾಳಿಗೆಯನ್ನು ಕೆಡವಿ, ಮೂರು ಅಂತಸ್ತಿನ ಕಟ್ಟಡವನ್ನೆಬ್ಬಿಸುವ ಆಸೆ ಮಾಲಿಕನಲ್ಲಿ ಮೂಡುವುದು ಸಹಜ. ನಡುಪೇಟೆಯ ವಲಯವನ್ನು ಹೊಸದಾಗಿ ನಿರ್ಧರಿಸುವ ಪ್ರಶ್ನೆ ಇಂತಹ ಊರುಗಳಲ್ಲಿ ಏಳುವುದು ಹೀಗೆ.

ಜಗತ್ತು ಮರಳಿ ಬಂದ ಹಾದಿ

ಸ್ವಾರಸ್ಯವೆಂದರೆ, ಊರುಗಳನ್ನು ಗೆರೆಯೊಳಗೆ ತರುವ ನಮ್ಮ ನಾಡಿನ ಕಾಯಿದೆಯು ಹೆಸರಿನಲ್ಲಿ ಹೊತ್ತಿರುವ ಆ 1961ರಲ್ಲಿಯೇ, ಗೆರೆ ಎಳೆಯುವುದನ್ನು ಕಲಿಸಿದ ಅಮೆರಿಕದಲ್ಲಿ ಒಬ್ಬ ಮಹಿಳೆ ಅದರ ವಿರುದ್ಧ ದನಿಯೆತ್ತಿದರು. ಜೇನ್ ಜೇಕಬ್ಸ್ ಎಂಬ ಲೇಖಕಿ ಅಮೆರಿಕದ ಮಹಾನಗರಗಳ ಸಾವುಬದುಕಿನ ಕುರಿತು ಪ್ರಕಟಿಸಿದ ಗ್ರಂಥ ನಗರಯೋಜಕರ ನಿದ್ದೆ ಕೆಡಿಸಿತು. ಮನೆ, ಅಂಗಡಿ, ಕಚೇರಿ, ಕೆಲಸದ ಮನೆಗಳು ಬೆರೆತಿರುವ ಬೀದಿಯಲ್ಲಿ ದಿನದ ಎಲ್ಲ ಹೊತ್ತಿನಲ್ಲಿಯೂ ಜನರ ಓಡಾಟವಿರುತ್ತದೆ. ಜನರ ಕಣ್ಣುಗಳೇ ಬೀದಿಯ ಕಾವಲು. ಬೇರ್ಪಡಿಸಿದ ನಗರವಾದರೋ ಸಂಜೆಯಾದೊಡನೆ ಅರ್ಧ ಬರಿದಾಗುತ್ತದೆ ಎಂಬುದು ಅವರ ವಾದದ ತಿರುಳು. ಕ್ರಮೇಣ ಅಲ್ಲಿಯ ಅನೇಕ ಉಪನಗರಗಳು ತಮ್ಮ ನಡುಪೇಟೆಗಳಿಗೆ ಮಿಶ್ರ ಬಳಕೆಯ ವಲಯವೆಂಬ ಹೊಸ ಹೆಸರನ್ನಿತ್ತು, ಕೆಳಗೆ ಅಂಗಡಿ ಮೇಲೆ ಮನೆ ಕಟ್ಟಲು ಪ್ರೋತ್ಸಾಹ ನೀಡತೊಡಗಿದವು. ಹೊಸ ಶೋಧವೆಂದು ಅವರು ಕೊಂಡಾಡುತ್ತಿರುವುದು ಚಿಕ್ಕಪೇಟೆಯ ಸೆಟ್ಟರಿಗೆ ತಲೆತಲಾಂತರದಿಂದ ತಿಳಿದಿದ್ದ ಸಂಗತಿಯೇ ಆಗಿದೆ.

ಈ ಅಲೆ ಕರ್ನಾಟಕಕ್ಕೂ ಬಂದಿತು. 2007ರಲ್ಲಿ ಅಂಗೀಕಾರ ಪಡೆದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯಲ್ಲಿ ಮಿಶ್ರ ವಸತಿ ಎಂಬ ವರ್ಗಕ್ಕೆ ಸ್ಥಾನ ದೊರೆಯಿತು. ಫಲ ಸಿಹಿಯೂ ಆಯಿತು, ಕಹಿಯೂ ಆಯಿತು. ನಡೆದುಹೋಗುವಷ್ಟು ಸಮೀಪದಲ್ಲಿ ಔಷಧದ ಅಂಗಡಿ, ವೈದ್ಯರ ಕೊಠಡಿಗಳು ಬಂದುದಕ್ಕೆ ಜನ ಸಂತೋಷಪಟ್ಟರು. ಆದರೆ ಅದೇ ಬಾಗಿಲಿನಿಂದ ದೊಡ್ಡ ಕಚೇರಿಗಳು, ಪಾನಗೃಹಗಳು, ವಾಹನಗಳ ಸಾಲು ಒಳನುಗ್ಗಿದಾಗ ಪ್ರಶಾಂತ ಬಡಾವಣೆಗಳ ನಿವಾಸಿಗಳು ಪ್ರತಿಭಟಿಸಿದರು, ಹೈಕೋರ್ಟಿಗೂ ಹೋದರು. ಬೆರಕೆಯೆಲ್ಲವೂ ಹಿತವಲ್ಲ, ಯಾವುದನ್ನು ಯಾವುದರೊಡನೆ, ಎಷ್ಟರಮಟ್ಟಿಗೆ ಬೆರಸಬೇಕೆಂಬುದೇ ಪ್ರಶ್ನೆಯೆಂದು ಆ ಅನುಭವವು ತೋರಿಸಿಕೊಟ್ಟಿತು.

ನೆರೆಯ ನವನಗರ

ಬೇರ್ಪಡಿಸಿ ಕಟ್ಟಿದ ಊರು ಹೇಗಿರುತ್ತದೆಂದು ನೋಡಲು ಈ ಸೀಮೆಯ ಜನ ಚಂಡೀಗಢಕ್ಕೆ ಹೋಗಬೇಕಾಗಿಲ್ಲ. ಬಸ್ಸು ಹತ್ತಿ ಬಾಗಲಕೋಟೆಗೆ ಹೋದರೆ ಸಾಕು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ ತಾಲ್ಲೂಕುಗಳ ಅನೇಕ ಹಳ್ಳಿಗಳು ಬಲಿಯಾದವು. ಬಾಗಲಕೋಟೆ ಪಟ್ಟಣದ ಒಂದು ಭಾಗವೇ ಮುಳುಗಡೆಯಾಯಿತು. ನಿರಾಶ್ರಿತರಾದ ಪಟ್ಟಣಿಗರಿಗಾಗಿ 1983ರ ಪ್ರತ್ಯೇಕ ಕಾಯಿದೆಯ ಆಧಾರದ ಮೇಲೆ ಒಂದು ಅಭಿವೃದ್ಧಿ ಪ್ರಾಧಿಕಾರ ಸ್ಥಾಪಿತವಾಯಿತು. ವಿಶ್ವವಿಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ನವನಗರದ ವಿನ್ಯಾಸವನ್ನು ರೂಪಿಸಿದರು. ಸೆಕ್ಟರುಗಳಾಗಿ ಹಂಚಿದ ನೆಲ, ಅಗಲವಾದ ರಸ್ತೆಗಳು, ಶಾಲೆಗೊಂದು ಜಾಗ, ಉದ್ಯಾನಕ್ಕೊಂದು ಜಾಗ, ಎಲ್ಲವೂ ಅಚ್ಚುಕಟ್ಟು. ಗಾಳಿ, ಬೆಳಕು, ಚರಂಡಿಗಳ ದೃಷ್ಟಿಯಿಂದ ಹಳೆಯ ಓಣಿಗಳಿಗೆ ಅದರೊಡನೆ ಸಾಟಿಯಿಲ್ಲ.

ಆದರೂ ಹಳೆಯ ಬಾಗಲಕೋಟೆಯ ಪೇಟೆಯು ಸಾಯಲಿಲ್ಲ. ಮನೆ ನವನಗರಕ್ಕೆ ಹೋದರೂ ಅಂಗಡಿಯನ್ನು ಹಳೆಯ ಪೇಟೆಯಲ್ಲಿಯೇ ಉಳಿಸಿಕೊಂಡ ವ್ಯಾಪಾರಿಗಳುಂಟು. ಹಬ್ಬದ ಸೀರೆ ಕೊಳ್ಳಲು, ಮದುವೆಯ ಜವಳಿ ಹಾಕಲು ಜನ ಇಂದಿಗೂ ಅಲ್ಲಿಗೆ ಇಳಿದುಬರುತ್ತಾರೆ. ಪೇಟೆಯು ಕಟ್ಟಡಗಳ ಗುಂಪು ಮಾತ್ರವಾಗಿದ್ದರೆ ಅದನ್ನು ಎತ್ತಿ ಬೇರೆಡೆ ಇಡಬಹುದಾಗಿದ್ದಿತು. ಅದು ಸಂಬಂಧಗಳ ನೇಯ್ಗೆ. ಒಂದೊಂದು ನೂಲನ್ನೂ ಬಿಡಿಸಿ ಬೇರೆಯ ಹಾಸಿಗೆ ಹೂಡುವುದು ಬಹುಕಾಲದ ಕೆಲಸ.

ನೆಲಮಹಡಿ ಯಾರದು?

ಹಾಗಾದರೆ ಉತ್ತರ ಸುಲಭವಾಯಿತಲ್ಲ! ನಡುಪೇಟೆಗಳನ್ನು ಮಿಶ್ರ ಬಳಕೆಯ ವಲಯಗಳೆಂದು ಸಾರಿದರೆ ಮಗ್ಗದ ಮನೆಯೂ ಉಳಿಯಿತು, ಪೇಟೆಯೂ ಬೆಳೆಯಿತು ಎಂದು ಯಾರಾದರೂ ಹೇಳಬಹುದು. ತೊಡಕು ಇರುವುದು ಇಲ್ಲಿಯೇ.

ಜಗತ್ತಿನ ಎಲ್ಲೆಡೆ ಮಿಶ್ರ ಬಳಕೆಯ ಕಟ್ಟಡಕ್ಕೆ ಒಂದೇ ಆಕಾರ: ಬೀದಿಯ ಮಟ್ಟದಲ್ಲಿ ಅಂಗಡಿ, ಮೇಲೆ ಮನೆ. ಹೊಸ ಕಟ್ಟಡದಲ್ಲಿ ಹೆಚ್ಚು ಬಾಡಿಗೆ ತರುವುದು ನೆಲಮಹಡಿ. ಕುಣಿ ಮಗ್ಗಕ್ಕೆ ಬೇಕಾದುದೂ ಅದೇ ನೆಲವೇ. ಕುಣಿಯನ್ನು ಎರಡನೆಯ ಅಂತಸ್ತಿನಲ್ಲಿ ಅಗೆಯಲು ಬರುವುದಿಲ್ಲ. ನೆಲದ ತಂಪು ಹತ್ತಿಯ ಹಾಸಿಗೆ ಬೇಕು. ಒಣಗಾಳಿಗೆ ನೂಲು ಪದೇ ಪದೇ ಹರಿಯುತ್ತದೆ. ವಿದ್ಯುತ್ ಮಗ್ಗಕ್ಕೆ ಕುಣಿ ಬೇಡವಾದರೂ ಅದರ ಭಾರವನ್ನೂ ಅದುರುವಿಕೆಯನ್ನೂ ತಾಳಲು ಗಟ್ಟಿ ನೆಲವೇ ಬೇಕು. ಮೇಲಿನ ಅಂತಸ್ತಿನಲ್ಲಿ ಹೂಡಿದರೆ ಕೆಳಗಿನ ಸಂಸಾರದ ತೊಟ್ಟಿಲು ತಾನೇ ತೂಗೀತು! ಆದುದರಿಂದ ಮಿಶ್ರ ಬಳಕೆಯೆಂಬ ಹೆಸರಿನಲ್ಲಿ ಅಂಗಡಿಯೂ ಮನೆಯೂ ಬೆರೆತು, ಮಗ್ಗ ಮಾತ್ರ ಹೊರಬೀಳುವ ಸಂಭವವುಂಟು.

ಹೊರಬೀಳುವವರಾರು? ಸ್ವಂತ ಮನೆಯಿದ್ದ ಮಗ್ಗದ ಮಾಲಿಕನಿಗೆ ನೆಲದ ಬೆಲೆಯಾದರೂ ಕೈಗೆ ಬರುವುದು. ಬಾಡಿಗೆಯ ಮನೆಯಲ್ಲಿದ್ದುಕೊಂಡು ಮಾಲಿಕರಿಂದ ನೂಲು ತಂದು, ಸೀರೆಗಿಷ್ಟೆಂದು ಮಜೂರಿಗೆ ನೇಯುವವನಿಗೆ ಬರುವುದೇನು? ಊರ ಹೊರಗಿನ ಕೈಗಾರಿಕಾ ಪ್ರದೇಶಕ್ಕೆ ಮಗ್ಗ ಹೋದರೆ ಗಂಡಸು ಸೈಕಲ್ಲಿನ ಮೇಲೋ ಬಸ್ಸಿನಲ್ಲೋ ಅಲ್ಲಿಗೆ ಹೋದಾನು. ಅಡಿಗೆ, ಮಕ್ಕಳು, ಮುಪ್ಪಿನ ಅತ್ತೆಮಾವಂದಿರು ಇವರೆಲ್ಲರ ನಡುವೆ ಬಿಡುವು ಮಾಡಿಕೊಂಡು ಕಂಡಿಕೆ ಸುತ್ತುತ್ತಿದ್ದ ಹೆಣ್ಣುಮಗಳು ಹೋಗಲಾರಳು. ನೇಕಾರರ ಮನೆಯಲ್ಲಿ ಒಂದು ಸೀರೆಯ ಮಜೂರಿಯಲ್ಲಿ ಎರಡು ಮೂರು ಜನರ ದುಡಿಮೆ ಅಡಗಿರುತ್ತದೆ. ಮನೆಯೂ ಮಗ್ಗವೂ ಅಗಲಿದ ದಿನ ಆ ದುಡಿಮೆಯ ಅರ್ಧಭಾಗ ಲೆಕ್ಕದಿಂದಲೇ ಮಾಯವಾಗುವುದು.

ವಲಯದ ನಕಾಶೆಯನ್ನು ಹಿಡಿದು ಬಂದ ಅಧಿಕಾರಿಯೊಬ್ಬರು ಇಂತಹ ಮನೆಯ ಹಿರಿಯನನ್ನು, ಇದು ಮನೆಯೋ ಕಾರಖಾನೆಯೋ ಎಂದು ಕೇಳಿದರೆನ್ನೋಣ. ಅವನ ಉತ್ತರವನ್ನು ಊಹಿಸುವುದು ಕಷ್ಟವಲ್ಲ: “ಸಾಹೇಬ್ರ, ಮಗ್ಗ ನಡದ್ರ ಇದು ಮನೀ. ಮಗ್ಗ ನಿಂತ್ರ ಮನೀನೂ ಇಲ್ರಿ, ಕಾರಖಾನೀನೂ ಇಲ್ರಿ.” ಕಾಯಿದೆಯ ಪುಸ್ತಕದಲ್ಲಿ ಈ ವ್ಯಾಖ್ಯಾನಕ್ಕೆ ಎಡೆಯಿಲ್ಲದಿದ್ದರೂ ಅದರಲ್ಲಿರುವ ಸತ್ಯಕ್ಕೆ ಕೊರತೆಯಿಲ್ಲ.

ಸದ್ದಿನ ಲೆಕ್ಕ

ಹೀಗೆಂದ ಮಾತ್ರಕ್ಕೆ ಇನ್ನೊಂದು ಪಕ್ಷದ ಮಾತನ್ನು ತಳ್ಳಿಹಾಕಲಾಗದು. ಕೈಮಗ್ಗದ ಸದ್ದು ಜೋಗುಳದಂತೆ ಕೇಳಬಹುದು. ಹತ್ತಾರು ವಿದ್ಯುತ್ ಮಗ್ಗಗಳ ಸದ್ದು ಹಾಗಲ್ಲ. ಶಬ್ದಮಾಲಿನ್ಯವನ್ನು ಕುರಿತ 2000ನೆಯ ಇಸವಿಯ ಕೇಂದ್ರ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್; ವ್ಯಾಪಾರದ ಪ್ರದೇಶದಲ್ಲಿ 65 ಮತ್ತು 55; ಕೈಗಾರಿಕೆಯ ಪ್ರದೇಶದಲ್ಲಿ 75 ಮತ್ತು 70. ವಿದ್ಯುತ್ ಮಗ್ಗಗಳ ಕೊಠಡಿಯೊಳಗಿನ ಸದ್ದು 90 ಡೆಸಿಬೆಲ್ಲನ್ನು ಮೀರುವುದು ಸಾಮಾನ್ಯ. ಹಾಗಾದರೆ ಮಿಶ್ರ ಪ್ರದೇಶಕ್ಕೆ ಮಿತಿಯೆಷ್ಟು? ಆ ನಿಯಮಗಳು ಅದಕ್ಕೆ ಪ್ರತ್ಯೇಕ ಅಂಕಿಯನ್ನು ಕೊಡುವುದೇ ಇಲ್ಲ. ಮಿಶ್ರ ಪ್ರದೇಶವನ್ನು ಉಳಿದ ವರ್ಗಗಳಲ್ಲೊಂದಕ್ಕೆ ಸೇರಿಸುವ ಅಧಿಕಾರವನ್ನು ಸಂಬಂಧಪಟ್ಟ ಅಧಿಕಾರಿಗೆ ಬಿಟ್ಟಿವೆ. ಬೆರೆತ ಬಾಳನ್ನು ಬೆರೆತುದೆಂದೇ ಒಪ್ಪಿಕೊಳ್ಳಲು ಕಾಯಿದೆಗೂ ಒಂದು ಸಂಕೋಚವಿದೆ.

ಆ ಗೋಡೆಯಾಚೆ ಪರೀಕ್ಷೆಗೆ ಓದುವ ವಿದ್ಯಾರ್ಥಿಯಿದ್ದಾನೆ, ಹಸುಗೂಸಿದೆ, ರೋಗಿಯಿದ್ದಾನೆ. ಮಗ್ಗದ ಮನೆಯ ಮಕ್ಕಳಿಗೂ ಕಿವಿಗಳಿವೆ. ಹತ್ತಿಯ ಧೂಳನ್ನು ಉಸಿರಾಡುವವರು ಅವರೂ ಹೌದು. ನೂಲಿನ ರಾಶಿ, ಹಳೆಯ ವಿದ್ಯುತ್ ತಂತಿ, ಇಕ್ಕಟ್ಟಾದ ಓಣಿ ಮೂರೂ ಒಂದೆಡೆ ಸೇರಿದಾಗ ಬೆಂಕಿಯ ಭಯ ಸುಳ್ಳಲ್ಲ. ಅಗ್ನಿಶಾಮಕದ ವಾಹನ ಓಣಿಯ ಬಾಯಿಯಲ್ಲಿಯೇ ನಿಲ್ಲಬೇಕಾದೀತು. ಹಳೆಯದೆಲ್ಲವೂ ಚಂದವೆಂದು ಹಾಡುವವರು ಆ ಓಣಿಯಲ್ಲಿ ಒಂದು ಬೇಸಗೆಯನ್ನು ಕಳೆಯುವುದೊಳ್ಳೆಯದು.

ಗಿರಣಗಾವದ ಪಾಠ

ನೇಯ್ಗೆಯ ನೆಲದ ಉಪಯೋಗವನ್ನು ಬದಲಾಯಿಸಿದರೆ ಏನಾಗುತ್ತದೆಂಬುದಕ್ಕೆ ದೊಡ್ಡದೊಂದು ನಿದರ್ಶನ ಮುಂಬಯಿಯಲ್ಲಿದೆ. ಅಲ್ಲಿಯ ಬಟ್ಟೆ ಗಿರಣಿಗಳಿದ್ದ ಭಾಗಕ್ಕೆ ಗಿರಣಗಾವವೆಂದೇ ಹೆಸರು. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಕುಸಿದವು. 1991ರಲ್ಲಿ ಮುಂಬಯಿಯ ಅಭಿವೃದ್ಧಿ ನಿಯಮಗಳು ಗಿರಣಿಗಳ ನೆಲವನ್ನು ಬೇರೆ ಉಪಯೋಗಕ್ಕೆ ತೆರೆದವು. ನೆಲವನ್ನು ಮೂರು ಪಾಲು ಮಾಡಿ ಸಾರ್ವಜನಿಕ ಬಯಲಿಗೆ, ಸಾರ್ವಜನಿಕ ವಸತಿಗೆ ಮತ್ತು ಮಾಲಿಕರಿಗೆ ಹಂಚುವುದು ಅದರ ಮೂಲ ಭಾವನೆಯಾಗಿದ್ದಿತು. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಗಿರಣಿಯೆಂದರೆ ಬಹುಪಾಲು ಕಟ್ಟಡವೇ. ಖಾಲಿ ನೆಲ ಎಷ್ಟಿದ್ದೀತು? 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಚಿಮಣಿಗಳಿದ್ದಲ್ಲಿ ಗಾಜಿನ ಗೋಪುರಗಳೂ ಮಾಲುಗಳೂ ನಿಂತಿವೆ.

ಮೂಲ ನಿಯಮದಲ್ಲಿ ಔದಾರ್ಯವಿದ್ದಿತು. ತಿದ್ದುಪಡಿಯ ಕೆಲವೇ ಶಬ್ದಗಳಲ್ಲಿ ಅದು ಕರಗಿಹೋಯಿತು. ಮುಂಬಯಿಯೆಲ್ಲಿ, ಬನಹಟ್ಟಿಯೆಲ್ಲಿ ಎಂದು ಕೇಳಬಹುದು. ಪ್ರಮಾಣ ಬೇರೆ, ತತ್ತ್ವ ಒಂದೇ. ವಲಯ ಬದಲಾದ ಕ್ಷಣವೇ ನೆಲದ ಬೆಲೆ ಬದಲಾಗುತ್ತದೆ. ಬೆಲೆ ಬದಲಾದೊಡನೆ, ಹೊಸ ಬೆಲೆಯಲ್ಲಿ ಯಾರ ಪಾಲು ಎಷ್ಟೆಂಬುದನ್ನು ಮೊದಲೇ ಬರೆದಿಡದಿದ್ದರೆ ದುರ್ಬಲನ ಪಾಲು ಸೊನ್ನೆಯಾಗುತ್ತದೆ.

ಸರಕಾರವೇ ಹಾಕಿಕೊಟ್ಟ ಮೇಲ್ಪಂಕ್ತಿ

ಉಳಿಯುವ ಹಾದಿಯಿಲ್ಲವೇ? ಇದೆ, ಅದನ್ನು ತೋರಿಸಿದುದೂ ಸರಕಾರವೇ. 1985–86ರಲ್ಲಿ ಕೇಂದ್ರ ಸರಕಾರವು ಕೈಮಗ್ಗದ ನೇಕಾರರಿಗೆಂದು ಮನೆಯನ್ನೂ ಮಗ್ಗದ ಕೊಠಡಿಯನ್ನೂ ಒಂದೇ ಸೂರಿನಡಿ ಕಟ್ಟಿಕೊಡುವ ಯೋಜನೆಯನ್ನು ಆರಂಭಿಸಿತು. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ನೇಕಾರರಿಗೆ ನೂಲನ್ನೊದಗಿಸಿ, ಬಟ್ಟೆಯನ್ನು ಕೊಂಡು ಮಜೂರಿ ಕೊಡುವ ಕ್ರಮವನ್ನು ನಡೆಸಿಕೊಂಡು ಬಂದಿದೆ. ಸರಕಾರಿ ಶಾಲೆಯ ಮಕ್ಕಳ ಸಮವಸ್ತ್ರದ ಬಟ್ಟೆ ಇಂತಹ ನೇಕಾರರ ಮಗ್ಗಗಳಿಂದಲೂ ಬಂದಿದೆ. ಅಂದರೆ ನೇಕಾರನಿಗೆ ಮನೆಯೇ ಕೆಲಸದ ಸ್ಥಳವೆಂಬುದನ್ನು ಒಂದು ಇಲಾಖೆ ಎಂದೋ ಒಪ್ಪಿದೆ. ಇನ್ನೊಂದು ಇಲಾಖೆಯ ನಕಾಶೆಯೂ ಅದನ್ನು ಒಪ್ಪಿದರೆ ಸಾಕು.

ಹಾಗೆ ಒಪ್ಪುವ ನಕಾಶೆಯಲ್ಲಿ ಮಿಶ್ರ ವಲಯವೆಂಬ ಮೋಘಮ್ ಮಾತು ಸಾಲದು. ಮಗ್ಗದ ಮನೆಯೆಂದು ಸ್ಪಷ್ಟವಾದ ಹೆಸರಿನಿಂದಲೇ ಒಂದು ವರ್ಗ ಇರಬೇಕು. ಒಂದು ಮನೆಯಲ್ಲಿ ಎಷ್ಟು ಅಶ್ವಶಕ್ತಿಯವರೆಗೆ, ರಾತ್ರಿ ಎಷ್ಟು ಗಂಟೆಯವರೆಗೆ ಮಗ್ಗ ನಡೆಯಬಹುದೆಂಬ ಮಿತಿ ಇರಬೇಕು. ಮಿತಿಯನ್ನು ಮೀರಿದ ದೊಡ್ಡ ಘಟಕಗಳು ಊರ ಹೊರಗೆ ಹೋಗುವುದೇ ಯುಕ್ತ. ಹಳೆಯ ಮನೆಯನ್ನು ಕೆಡವಿ ಕಟ್ಟುವವನು ನೆಲಮಹಡಿಯಲ್ಲಿ ಮೊದಲಿದ್ದ ಮಗ್ಗಕ್ಕೆ ಜಾಗವನ್ನು ಮರಳಿ ಕೊಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಮೇಲೊಂದು ಅಂತಸ್ತನ್ನು ಹೆಚ್ಚಾಗಿ ಕಟ್ಟಲು ಅವನಿಗೆ ಅನುಮತಿ ದೊರೆಯಬಹುದು. ಬಾಡಿಗೆಯ ನೇಕಾರನ ಹೆಸರು ನಗರಸಭೆಯ ದಫ್ತರಿನಲ್ಲಿ ಮೊದಲೇ ದಾಖಲಾಗಬೇಕು. ಗೋಡೆಗಳಿಗೆ ಸದ್ದು ತಡೆಯುವ ಹೊದಿಕೆ, ತಂತಿಗಳ ದುರಸ್ತಿ, ಓಣಿಯ ಬಾಯಿಯಲ್ಲಿ ನೀರಿನ ನಲ್ಲಿ ಇವು ಬಹು ದೊಡ್ಡ ವೆಚ್ಚದ ಕೆಲಸಗಳಲ್ಲ.

ನಾಲ್ಕೂ ಊರುಗಳಿಗೆ ಒಂದೇ ಅಳತೆ ಹೊಂದದು. ಜಮಖಂಡಿಯ ಕಚೇರಿಗಳ ನೆರೆಯ ಪೇಟೆಗೆ ಅಂಗಡಿ–ಮನೆಗಳ ಬೆರಕೆ ಸರಿಹೋದೀತು. ಘಟಪ್ರಭೆಯ ದಂಡೆಯ ಮುಧೋಳದಲ್ಲಿ 2019ರ ಆಗಸ್ಟಿನ ಮಹಾಪೂರವನ್ನು ಮರೆತು ನದಿಯ ಮಗ್ಗುಲಿಗೆ ಅಂತಸ್ತುಗಳನ್ನೇರಿಸುವುದು ಅವಿವೇಕ. ಮುಳುಗಡೆಯ ಹಳ್ಳಿಗಳ ಜನರಿಗೂ ಪೇಟೆಯಾದ ಬೀಳಗಿಗೆ ಸಂತೆಯ ಬಯಲೇ ಜೀವ. ಅದನ್ನು ಅಳಿಸುವ ಯಾವ ಬಣ್ಣವೂ ಬೇಡ. ರಬಕವಿ–ಬನಹಟ್ಟಿಗೆ ಮಗ್ಗವೇ ಮೊದಲು.

ಅರವತ್ತು ದಿನ

ಕಾಯಿದೆಯಲ್ಲಿ ಜನರಿಗೂ ಒಂದು ಸ್ಥಾನವಿದೆ. ಮಹಾಯೋಜನೆಯ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ, ಸಲಹೆಗಳನ್ನು ಸಲ್ಲಿಸಲು ಸಾರ್ವಜನಿಕರಿಗೆ 60 ದಿನಗಳ ಅವಕಾಶವಿರುತ್ತದೆ. ಯೋಜನೆಯಾದ ಮೇಲೂ ಒಂದೊಂದು ನಿವೇಶನದ ಉಪಯೋಗವನ್ನು ಬದಲಾಯಿಸಿಕೊಳ್ಳಲು ಕಾಯಿದೆಯ 14ಎ ಕಲಮಿನಲ್ಲಿ ದಾರಿಯುಂಟು. ಈ ಎರಡನೆಯ ದಾರಿಯನ್ನು ಬಲ್ಲವರು ಬಲ್ಲಿದರು. ಮೊದಲನೆಯದನ್ನು ಎಲ್ಲರೂ ಬಲ್ಲವರಾಗಬೇಕು. ಬಿಡಿಬಿಡಿಯಾಗಿ, ಒಬ್ಬೊಬ್ಬರ ಅರ್ಜಿಯ ಮೇಲೆ ಬದಲಾಗುವ ನಕಾಶೆ ಕೊನೆಗೆ ತೇಪೆಯ ಕೌದಿಯಾಗುತ್ತದೆ. ಕೌದಿಯಾದರೂ ಬೆಚ್ಚಗಿಡುತ್ತದೆ, ಇದು ಅದನ್ನೂ ಮಾಡಲಾರದು.

ಕರಡು ನಕಾಶೆ ಕಚೇರಿಯ ಗೋಡೆಯ ಮೇಲೆ ತೂಗುವ ಆ ಅರವತ್ತು ದಿನಗಳಲ್ಲಿ ವ್ಯಾಪಾರಿಗಳು ಬಂದು ನೋಡಿಯಾರು, ಕಟ್ಟಡದ ಗುತ್ತಿಗೆದಾರರು ಬಂದು ನೋಡಿಯಾರು. ಮಗ್ಗದ ಮೇಲೆ ಕುಳಿತವನು ಒಂದು ದಿನದ ಮಜೂರಿಯನ್ನು ಬಿಟ್ಟು ಬಂದು ನೋಡುವುದು ಕಷ್ಟ. ಆದುದರಿಂದ ನಕಾಶೆಯೇ ಅವನ ಓಣಿಗೆ ಹೋಗಬೇಕು. ಕಾಡಸಿದ್ಧೇಶ್ವರನ ಗುಡಿಯ ಕಟ್ಟೆಯ ಮೇಲೆ ಅದನ್ನು ಹರಡಿ, ಕನ್ನಡದಲ್ಲಿ ಓದಿ ಹೇಳಿದರೆ, ಬಣ್ಣಗಳ ಅರ್ಥ ತಿಳಿಯದ ಜನ ಅವರಲ್ಲ. ಹಾಸು ಯಾವ ಬಣ್ಣ, ಹೊಕ್ಕು ಯಾವ ಬಣ್ಣ, ಸೆರಗು ಯಾವ ಬಣ್ಣವೆಂದು ಹುಟ್ಟಿದಂದಿನಿಂದ ಲೆಕ್ಕ ಹಾಕಿದವರು ಅವರು. ಹಳದಿಯ ಹಾಸಿನಲ್ಲಿ ನೇರಳೆಯ ಹೊಕ್ಕು ಸೇರಿದರೆ ಮೂರನೆಯದೊಂದು ಬಣ್ಣ ಮೂಡುತ್ತದೆಂಬುದನ್ನು ನಗರಯೋಜಕನಿಗೆ ಅವರೇ ತೋರಿಸಿಕೊಟ್ಟಾರು.

ಸಂಜೆಯಾಗುತ್ತದೆ. ಓಣಿಯಲ್ಲಿ ಶಾಲೆಯಿಂದ ಮರಳಿದ ಹುಡುಗಿ ಮಗ್ಗದ ಪಕ್ಕದಲ್ಲಿಯೇ ಪುಸ್ತಕ ಬಿಚ್ಚುತ್ತಾಳೆ. ಅಜ್ಜಿ ರಾಟೆಯನ್ನು ಬದಿಗೆ ಸರಿಸಿ ದೇವರಿಗೆ ದೀಪ ಹಚ್ಚುತ್ತಾಳೆ. ಕತ್ತಲು ಪೂರ್ತಿ ಕವಿಯುವ ಮೊದಲು ಇನ್ನೊಂದು ಮೊಳ ನೇಯ್ದುಬಿಡೋಣವೆಂದು ಯಜಮಾನನು ಮತ್ತೆ ಕುಣಿಗಿಳಿಯುತ್ತಾನೆ.